ಥರ್ಮಕೋಲ್ ಬಿಲ್ಲು: ಆ 1.8 ವೋಲ್ಟ್ ಎಲ್ಲಿ ಹೋಯಿತು?

ಅಂತೂ ಬಿಲ್ಲು ರೆಡಿ. ಗ್ಲೈಡರ್ ರೆಕ್ಕೆಗೆ ಥರ್ಮಕೋಲ್ ಕತ್ತರಿಸಬೇಕು. ಬ್ಲೇಡ್ ಹಾಕಿದರೆ ಕಾಳು ಕಾಳಾಗಿ ಉದುರಿ ಮನೆ ತುಂಬ ಹಾರಾಡುತ್ತದೆ, ಅದನ್ನು ಗುಡಿಸಿದವರಿಗೇ ಗೊತ್ತು ಆ ಕಷ್ಟ. ಅದಕ್ಕೇ ಬಿಸಿ ತಂತಿ. ಬಿದಿರಿನ ಸೀಳು ಬಾಗಿಸಿ, ತುದಿಯಿಂದ ತುದಿಗೆ 40 ಸೆಂ.ಮೀ. ನೈಕ್ರೋಮ್ (ನಿಕಲ್-ಕ್ರೋಮಿಯಂ ಮಿಶ್ರಲೋಹ) ತಂತಿ ಬಿಗಿದಿದ್ದೇನೆ. ದಪ್ಪ 0.3 ಮಿ.ಮೀ., ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ತಂದದ್ದು. ಕಾದರೆ ತಂತಿ ಉದ್ದವಾಗಿ ಜೋಲುತ್ತದೆ, ಬಿದಿರು ಅದನ್ನು ತಾನೇ ಎಳೆದುಕೊಳ್ಳುತ್ತದೆ. ನೈಕ್ರೋಮಿಗೆ ಮಾಮೂಲಿ ಬೆಸುಗೆ ಹಿಡಿಯುವುದಿಲ್ಲ, ಸುಮ್ನೆ ಒದ್ದಾಡಬೇಡಿ, ಸ್ಕ್ರೂ ಕನೆಕ್ಟರ್ ಹಾಕಿ.

ಕರೆಂಟ್ ಕೊಡುವ ಮೊದಲು ಲೆಕ್ಕ. ಮಲ್ಟಿಮೀಟರನ್ನು 200 ಓಮ್‌ಗೆ (ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ತಂತಿ ಒಡ್ಡುವ ತಡೆ, ಅಳೆಯುವ ಜಾಗ) ತಿರುಗಿಸಿ ತಂತಿಗೆ ಹಿಡಿದರೆ 6.8 ಬಂತು. ಎರಡು ಪ್ರೋಬ್ ತುದಿಗಳನ್ನೇ ಒಂದಕ್ಕೊಂದು ಮುಟ್ಟಿಸಿದೆ, 0.5. ಅಂದರೆ ಮೀಟರಿನ ವೈರ್‌ಗಳದ್ದೇ ಅರ್ಧ ಓಮ್! ಕಳೆದರೆ ತಂತಿಗೆ ಉಳಿದದ್ದು 6.3. ಅಡಾಪ್ಟರ್ 12 ವೋಲ್ಟ್, 2 ಆಂಪಿನದು. 12ನ್ನು 6.3ರಿಂದ ಭಾಗಿಸಿದರೆ 1.9 ಆಂಪ್, 12ರಿಂದ ಗುಣಿಸಿದರೆ ಸುಮಾರು 23 ವ್ಯಾಟ್. ಅಡಾಪ್ಟರ್ ತಡೆದುಕೊಳ್ಳುತ್ತದೆ, ಆದರೆ ಅಂಚಿನಲ್ಲೇ.

ಮೊಸಳೆ ಕ್ಲಿಪ್ಪಿನ ಎರಡು ವೈರ್ ಹಾಕಿ, ಮೀಟರನ್ನು ಸೀರೀಸ್‌ನಲ್ಲಿ (ಕರೆಂಟ್ ಅದರ ಮೂಲಕವೇ ಹರಿಯುವಂತೆ) ಸೇರಿಸಿ ಆನ್ ಮಾಡಿದೆ. 1.6 ಆಂಪ್. ಥರ್ಮಕೋಲ್ ಬೆಣ್ಣೆ ಥರ ಕತ್ತರಿಸಿತು, ಖುಷಿಯಾಯಿತು. ಆದರೆ 12ನ್ನು 1.6ರಿಂದ ಭಾಗಿಸಿದರೆ 7.5 ಓಮ್ ಬರುತ್ತದಲ್ವಾ? ನನ್ನ ತಂತಿ 6.3.

ಮೊದಲು ಅನ್ನಿಸಿದ್ದು, ಕಾದಿದ್ದಕ್ಕೆ ರೆಸಿಸ್ಟೆನ್ಸ್ ಏರಿರಬೇಕು ಅಂತ. ಹಳೇ 100 ವ್ಯಾಟ್ ಬಲ್ಬಿನಲ್ಲಿ ಅದು ನಿಜ. ಮನೆಯ ಕರೆಂಟ್ 230 ವೋಲ್ಟ್, 230ನ್ನು 230ರಿಂದಲೇ ಗುಣಿಸಿ 100ರಿಂದ ಭಾಗಿಸಿದರೆ ಉರಿಯುವಾಗ 529 ಓಮ್, ಆದರೆ ತಣ್ಣಗಿರುವ ಬಲ್ಬಿಗೆ ಮೀಟರ್ ಹಿಡಿದರೆ ಅದರ ಹತ್ತನೇ ಒಂದು ಪಾಲಿಗೂ ಕಡಿಮೆ ತೋರಿಸುತ್ತದೆ. ಅದು ಟಂಗ್‌ಸ್ಟನ್. ನೈಕ್ರೋಮ್ ಹಾಗಲ್ಲ, ಈ ಬಿಸಿಗೆ ನೂರಕ್ಕೆ ಒಂದೋ ಎರಡೋ ಏರಿದರೆ ಹೆಚ್ಚು. ಒಂದು ಓಮ್ ಪೂರ್ತಿ ಏರಲು ಸಾಧ್ಯವೇ ಇಲ್ಲ.

ಬೀದಿ ಕೊನೆಯ ಟಿವಿ ರಿಪೇರಿ ಅಣ್ಣನ ಹತ್ತಿರ ಇನ್ನೊಂದು ಮೀಟರ್ ಕೇಳಿ ತಂದೆ. ಒಂದು ಆಂಪ್ ನೋಡುತ್ತಿರಲಿ, ಇನ್ನೊಂದು ವೋಲ್ಟ್. ಅಡಾಪ್ಟರಿನ ಬಾಯಲ್ಲಿ 11.9. ನೈಕ್ರೋಮಿನ ಎರಡು ತುದಿಗೆ ಹಿಡಿದರೆ 10.1! ಮಧ್ಯದಲ್ಲಿ 1.8 ವೋಲ್ಟ್ ಮಾಯ. 10.1ನ್ನು 1.6ರಿಂದ ಭಾಗಿಸಿ, 6.3 ಓಮ್, ತಂತಿ ಏನೂ ಸುಳ್ಳು ಹೇಳಿಲ್ಲ. ಉಳಿದ 1.8 ವೋಲ್ಟಿಗೆ 1.1 ಓಮ್ ಆಯಿತು, ಅದರಲ್ಲಿ 0.5 ಮೀಟರಿನ ಪ್ರೋಬ್‌ಗಳದ್ದು, 0.6 ಕ್ಲಿಪ್ ವೈರ್‌ಗಳದ್ದು. 1.8 ಗುಣಿಸು 1.6, ಹತ್ತಿರ ಹತ್ತಿರ 3 ವ್ಯಾಟ್ ವೈರಿನಲ್ಲೇ ಸುಡುತ್ತಿತ್ತು. ಮುಟ್ಟಿ ನೋಡಿದೆ, ಕ್ಲಿಪ್ಪಿನ ಬುಡದ ಕೆಂಪು ಪ್ಲಾಸ್ಟಿಕ್ ಮೆತ್ತಗಾಗಿತ್ತು. ಸಿಪ್ಪೆ ಸುಲಿದರೆ ಒಳಗೆ ಕೂದಲಿನಂಥ ನಾಲ್ಕೈದು ಎಳೆ, ಅದನ್ನೂ ಬೆಸುಗೆ ಹಾಕದೆ ಬರೀ ಮಡಚಿ ಒತ್ತಿದ್ದಾರೆ.

ಇದರ ಮಧ್ಯೆ ಒಂದು ಎಡವಟ್ಟು. ಆಂಪ್ ಅಳೆದ ಮೇಲೆ ಕೆಂಪು ಪ್ರೋಬನ್ನು 10 ಆಂಪಿನ ತೂತಿನಿಂದ ತೆಗೆಯದೆ, ಡಯಲ್ ಮಾತ್ರ ವೋಲ್ಟಿಗೆ ತಿರುಗಿಸಿ ನೇರ ಅಡಾಪ್ಟರಿಗೆ ಹಿಡಿದೆ. ಅದು ಶಾರ್ಟ್ ಮಾಡಿದ ಹಾಗೇ. ಚಟ್ ಅಂತ ಕಿಡಿ, ಅಡಾಪ್ಟರ್ ಟಿಕ್ ಟಿಕ್ ಅನ್ನತೊಡಗಿತು. ಪುಣ್ಯಕ್ಕೆ ಅದಕ್ಕೆ ಶಾರ್ಟ್ ರಕ್ಷಣೆ ಇತ್ತು, ಪ್ರೋಬ್ ತೆಗೆದ ಮೇಲೆ ಸರಿಹೋಯಿತು. ಪ್ರೋಬ್ ತುದಿಯಲ್ಲಿ ಸಣ್ಣ ಕಪ್ಪು ಕಲೆ ಮಾತ್ರ ಹಾಗೇ ಇದೆ.

ಕ್ಲಿಪ್ ಬಿಸಾಡಿ ಮನೆ ವೈರಿಂಗಿನ 1 ಚದರ ಮಿ.ಮೀ. ತಾಮ್ರದ ವೈರ್ ಹಾಕಿದೆ. ಹೋಗಿ ಬರುವ ಒಟ್ಟು ಎರಡು ಮೀಟರ್ ಉದ್ದದ ವೈರಿಗೆ ಬರೀ 0.035 ಓಮ್, ಲೆಕ್ಕಕ್ಕೇ ಇಲ್ಲ. ಈಗ ಮೀಟರನ್ನು ಸೀರೀಸ್‌ನಲ್ಲಿ ಸೇರಿಸುವುದೂ ಬೇಡ. ತಂತಿ 6.3 ಅಂತ ಗೊತ್ತಲ್ಲ, ಅದರ ಮೇಲಿನ ವೋಲ್ಟ್ ನೋಡಿದರೆ ಸಾಕು, ಆಂಪ್ ತಾನೇ ಸಿಗುತ್ತದೆ. 11.9 ವೋಲ್ಟ್, 1.9 ಆಂಪ್, 22.5 ವ್ಯಾಟ್. ಎಲ್ಲ ಸರಿಯಾಯಿತು ಅಂದುಕೊಂಡರೆ ಕೆಲಸ ಕೆಟ್ಟಿತು! ತಂತಿ ಮುಟ್ಟುವ ಮೊದಲೇ ಥರ್ಮಕೋಲ್ ಕರಗಿ ಹಿಂದೆ ಸರಿಯುತ್ತಿದೆ, ಮೂರು ಮಿ.ಮೀ. ಅಗಲದ ಕಂದಕ, ಹೊಗೆ ಬೇರೆ. ಕಿಟಕಿ ತೆಗೆದು ಫ್ಯಾನ್ ಹಾಕಿ, ಆ ಹೊಗೆ ಒಳ್ಳೆಯದಲ್ಲ.

ಆ ಕಳಪೆ ವೈರೇ ನನಗೆ ಗೊತ್ತಿಲ್ಲದೆ ಬಿಸಿ ಹದ ಮಾಡಿ ಕೊಟ್ಟಿತ್ತು. ನನಗೆ ಬೇಕಾದದ್ದು 1.6 ಆಂಪ್. ಅದೇ ತಂತಿ, ಅದೇ ಆಂಪ್ ಆದರೆ ಸೆಂ.ಮೀ.ಗೆ ಬರುವ ಬಿಸಿಯೂ ಅಷ್ಟೇ, ಸುಮಾರು 0.4 ವ್ಯಾಟ್. 11.9ನ್ನು 1.6ರಿಂದ ಭಾಗಿಸಿದರೆ 7.4 ಓಮ್. 40 ಸೆಂ.ಮೀ.ಗೆ 6.3 ಆದರೆ 7.4ಕ್ಕೆ 47 ಸೆಂ.ಮೀ. ತಂತಿ ಉದ್ದ ಮಾಡಿದರೆ ಇನ್ನೂ ಜಾಸ್ತಿ ಕಾಯುತ್ತದೆ ಅಂತ ನನ್ನ ತಮ್ಮ ವಾದಕ್ಕೆ ನಿಂತ, ವೋಲ್ಟ್ ಅಷ್ಟೇ ಇದ್ದಾಗ ಓಮ್ ಏರಿದರೆ ಕರೆಂಟ್ ಇಳಿಯುತ್ತೆ ಕಣೋ ಅಂದೆ, ನಂಬಲಿಲ್ಲ. ಹೊಸ ಬಿದಿರು ಸೀಳಿ ಕಟ್ಟಿ ತೋರಿಸಿದೆ. 19 ವ್ಯಾಟ್, ಹೊಗೆಯಿಲ್ಲ, ಗೀಟಿನಗಲ ಒಂದು ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ, ಅಡಾಪ್ಟರ್ ಕೂಡ ಬೆಚ್ಚಗಿದೆ ಅಷ್ಟೇ.

ಮುಂದಿನ ಭಾನುವಾರ ರೆಕ್ಕೆಯ ಆಕಾರಕ್ಕೆ ಪ್ಲೈವುಡ್ ಅಚ್ಚು ಕೊಯ್ಯಬೇಕು. ಅದಕ್ಕೂ ಮೊದಲು ಅಣ್ಣನ ಮೀಟರ್ ವಾಪಸ್ ಕೊಡಬೇಕು. ಕಿಡಿ ಹಾರಿಸಿದ್ದು ನನ್ನ ಮೀಟರಿನಲ್ಲಿ, ಅವರದ್ದರಲ್ಲಲ್ಲ.