ಮೂಳೆಗೆ ಮೂಳೆ, ರಕ್ತಕ್ಕೆ ರಕ್ತ

ಜರ್ಮನಿಯ ಹಾಲೆ ನಗರದಲ್ಲಿ ಓದುತ್ತಿದ್ದ ದಿನಗಳಲ್ಲಿ, ಡಿಸೆಂಬರ್ ತಿಂಗಳ ಒಂದು ಶನಿವಾರ, ‘ಇನ್ ಎಕ್ಸ್‌ಟ್ರೆಮೊ’ ಎಂಬ ರಾಕ್ ಸಂಗೀತ ತಂಡದ ಕಾರ್ಯಕ್ರಮಕ್ಕೆ ಸಹಪಾಠಿಯೊಬ್ಬ ನನಗೂ ಸೇರಿಸಿ ಟಿಕೆಟ್ ತೆಗೆದಿದ್ದ. ಕಾರ್ಯಕ್ರಮ ಇದ್ದದ್ದು ಸಂಜೆ, ಲೈಪ್‌ಝಿಗ್‌ನಲ್ಲಿ. ಆದರೆ ಬೆಳಿಗ್ಗೆಯೇ ಅವನು ನನ್ನನ್ನು ಕರೆದುಕೊಂಡು ಮೆರ್ಸೆಬುರ್ಗ್ ಎಂಬ ಪುಟ್ಟ ಊರಿನ ರೈಲು ಹತ್ತಿದ. ಅವರ ಹಾಡು ಕೇಳುವ ಮೊದಲು ಆ ಹಾಡು ಬರೆದಿಟ್ಟ ಹಾಳೆಯನ್ನು ನೋಡಬೇಕು ಎಂಬುದು ಅವನ ಹಟವಾಗಿತ್ತು.

ಝಾಲೆ ನದಿಯ ಮೇಲಿನ ದಿಬ್ಬದಲ್ಲಿರುವ ಅಲ್ಲಿನ ಪ್ರಧಾನ ಇಗರ್ಜಿಯ ಗ್ರಂಥಾಲಯದಲ್ಲಿ 1841ರಲ್ಲಿ ಗೇಯೊರ್ಗ್ ವೈಟ್ಸ್ ಎಂಬ ವಿದ್ವಾಂಸರಿಗೆ, ಲ್ಯಾಟಿನ್ ಪೂಜಾಗ್ರಂಥವೊಂದರ ಖಾಲಿ ಹಾಳೆಯ ಮೇಲೆ ಪ್ರಾಚೀನ ಜರ್ಮನ್ ಭಾಷೆಯ ಎರಡು ಮಂತ್ರಗಳು ಸಿಕ್ಕವು. ಮರುವರ್ಷ ಭಾಷಾವಿದ್ವಾಂಸ ಯಾಕೋಬ್ ಗ್ರಿಮ್ ಅವುಗಳನ್ನು ಪ್ರಕಟಿಸಿದರು. ಯಾರೋ ಹತ್ತನೆಯ ಶತಮಾನದಲ್ಲಿ ಅವುಗಳನ್ನು ಅಲ್ಲಿ ಬರೆದಿಟ್ಟಿದ್ದರು. ಮೂಲಪ್ರತಿಯನ್ನು ಜೋಪಾನವಾಗಿ ಎತ್ತಿಟ್ಟಿದ್ದಾರೆ. ನಾವು ನೋಡಿದ್ದು ಅದರ ಪಡಿಯಚ್ಚನ್ನು. ಕಂದು ಬಣ್ಣದ ಹಾಳೆಯ ಮೇಲ್ಭಾಗದಲ್ಲಿ ಒತ್ತೊತ್ತಾದ ಕೆಲವೇ ಸಾಲುಗಳಿದ್ದವು. ಮೊದಲನೆಯದು ಸೆರೆಯಾಳಿನ ಕಟ್ಟು ಬಿಚ್ಚುವ ಮಂತ್ರ. ಎರಡನೆಯದರಲ್ಲಿ ವೋದನ್ ಮೊದಲಾದ ದೇವತೆಗಳು ಕಾಡಿಗೆ ಹೋಗುತ್ತಾರೆ, ಬಾಲ್ಡರ್ ಎಂಬ ದೇವತೆಯ ಕುದುರೆಮರಿಯ ಕಾಲು ಉಳುಕುತ್ತದೆ, ಆಗ ವೋದನ್ ಮಂತ್ರ ಹೇಳುತ್ತಾನೆ: ಮೂಳೆಗೆ ಮೂಳೆ, ರಕ್ತಕ್ಕೆ ರಕ್ತ, ಕೀಲಿಗೆ ಕೀಲು, ಅಂಟಿಸಿದ ಹಾಗೆ ಕೂಡಲಿ.

ಗೆಳೆಯ ಅದನ್ನು ಬಿಡಿಸಿ ಹೇಳುತ್ತಿದ್ದಾಗ ನನಗೆ ಮೈ ಜುಮ್ಮೆಂದಿತು. ನನ್ನ ಅಜ್ಜಿ ಊರಿನಲ್ಲಿ ಉಳುಕಿಗೆ ಮಂತ್ರಿಸುತ್ತಿದ್ದಳು. ಹರಳೆಣ್ಣೆ ಹಚ್ಚಿದ ಹೆಬ್ಬೆರಳನ್ನು ಪಾದದ ಗೆಣ್ಣಿನ ಮೇಲೆ ಮೆಲ್ಲಗೆ ಇಳಿಸುತ್ತ, ತುಟಿ ಮಾತ್ರ ಅಲುಗಿಸುತ್ತ, ಕೊನೆಗೊಮ್ಮೆ ‘ಥೂ’ ಎಂದು ಉಫ್ ಊದುತ್ತಿದ್ದಳು. ಅಥರ್ವವೇದದ ನಾಲ್ಕನೆಯ ಕಾಂಡದಲ್ಲಿಯೂ ಮುರಿದ ಅಂಗಕ್ಕೆ ಹೇಳುವ ಇಂಥದೇ ಮಂತ್ರವಿದೆ: ಮಜ್ಜೆಯೊಡನೆ ಮಜ್ಜೆ ಕೂಡಲಿ, ಚರ್ಮದೊಡನೆ ಚರ್ಮ ಬೆಳೆಯಲಿ, ಮಾಂಸದೊಡನೆ ಮಾಂಸ ಬೆಳೆಯಲಿ. ಈ ಹೋಲಿಕೆಯನ್ನು ಅಡಾಲ್ಬರ್ಟ್ ಕೂನ್ ಎಂಬ ಜರ್ಮನ್ ಪಂಡಿತರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಗುರುತಿಸಿದ್ದರು.

ಇನ್ ಎಕ್ಸ್‌ಟ್ರೆಮೊ ಬರ್ಲಿನ್‌ನಲ್ಲಿ 1995ರಲ್ಲಿ ಹುಟ್ಟಿದ ತಂಡ. ಮೊದಮೊದಲು ಮಧ್ಯಯುಗದ ಮಾದರಿಯ ಸಂತೆಗಳಲ್ಲಿ ಹಳೆಯ ವಾದ್ಯಗಳನ್ನು ಬೇರೆಯಾಗಿ, ರಾಕ್ ಸಂಗೀತವನ್ನು ಬೇರೆಯಾಗಿ ನುಡಿಸುತ್ತಿದ್ದವರು ಆಮೇಲೆ ಎರಡನ್ನೂ ಒಂದುಮಾಡಿದರು. ಮೆರ್ಸೆಬುರ್ಗ್‌ನ ಎರಡು ಮಂತ್ರಗಳನ್ನೂ ಹಾಡಾಗಿಸಿ 1999 ಮತ್ತು 2001ರ ಆಲ್ಬಮ್‌ಗಳಲ್ಲಿ ಸೇರಿಸಿದರು. ‘ಕೊನೆಯ ಏಕಶೃಂಗ’ ಎಂಬ ರಂಗನಾಮವಿರುವ ಗಾಯಕ ಮೈಕೆಲ್ ರೈನ್ ಅವರದು ಗರಗಸದಂತಹ ದನಿ.

ಸಂಜೆ ದೀಪ ಆರಿ ಬ್ಯಾಗ್‌ಪೈಪ್‌ಗಳು ಒಟ್ಟಿಗೆ ಮೊಳಗಿದಾಗ ನನಗೆ ತಟ್ಟನೆ ನೆನಪಾದದ್ದು ನಮ್ಮ ಜಾತ್ರೆಯ ಓಲಗ. ಚರ್ಮದ ಚೀಲವನ್ನು ಕಂಕುಳಲ್ಲಿ ಅವುಚಿ ಒತ್ತುತ್ತಿದ್ದ ವಾದಕನ ಮೊಣಕೈ, ಕಮ್ಮಾರನ ತಿದಿಯ ಹಾಗೆ, ಒಂದು ಕ್ಷಣವೂ ಬಿಡುವಿಲ್ಲದೆ ಆಡುತ್ತಿತ್ತು. ಉಸಿರು ಕಡಿದರೂ ನಾದ ಕಡಿಯುವುದಿಲ್ಲ. ಇಷ್ಟು ಗಟ್ಟಿಯಾದ ಗಿಟಾರಿನ ಮುಂದೆ ಇಷ್ಟು ಹಳೆಯ ವಾದ್ಯ ಹೇಗೆ ನಿಂತೀತು ಎಂದು ನಾನು ಅನುಮಾನಪಟ್ಟಿದ್ದೆ. ಆದರೆ ಬಯಲಿನಲ್ಲಿ, ಸಂತೆಯ ಗದ್ದಲದ ನಡುವೆ ಕೇಳಿಸಬೇಕೆಂದೇ ರೂಪುಗೊಂಡ ವಾದ್ಯ ಅದು. ಗದ್ದಲ ಅದಕ್ಕೆ ಹೊಸದಲ್ಲ. ಹೆವಿ ಮೆಟಲ್ ಗಿಟಾರಿನಲ್ಲಿ ಮತ್ತೆ ಮತ್ತೆ ಬರುವ ಪವರ್ ಕಾರ್ಡ್ ಎಂಬುದೂ ನಮ್ಮ ತಂಬೂರಿಯಲ್ಲಿರುವ ಷಡ್ಜ-ಪಂಚಮಗಳ ಜೋಡಿಯೇ. ನಡುವಿನ ಗಾಂಧಾರ ಅದರಲ್ಲಿರುವುದಿಲ್ಲ. ಒಂದೇ ಶ್ರುತಿ ಹಿಡಿದು ನಿಲ್ಲುವ ಬ್ಯಾಗ್‌ಪೈಪ್ ಅದರ ಮೇಲೆ ಕುಳಿತದ್ದು ಕೃತಕವೆನಿಸಲಿಲ್ಲ.

ನಡುವೆ ಎಲ್ಲೋ ಆ ಹಾಡು ಬಂತು. ವೇದಿಕೆಯ ಅಂಚಿನಿಂದ ಬೆಂಕಿಯ ಜ್ವಾಲೆ ಎದ್ದು ಅದರ ಝಳ ಮುಖಕ್ಕೆ ಬಡಿಯಿತು. ‘ಬೇನ್ ತ್ಸಿ ಬೇನಾ, ಬ್ಲುಓತ್ ತ್ಸಿ ಬ್ಲುಓದಾ’ ಎಂದು ರೈನ್ ಎಳೆದಾಗ, ಬೆಳಿಗ್ಗೆ ಗಾಜಿನ ಹಿಂದೆ ಕಂಡಿದ್ದ ಅಕ್ಷರಗಳು ಸಾವಿರಾರು ಜನರ ಬಾಯಲ್ಲಿದ್ದವು. ಆ ಭಾಷೆ ಅವರಲ್ಲಿ ಯಾರ ಮನೆಮಾತೂ ಅಲ್ಲ. ಆದರೂ ಪಕ್ಕದಲ್ಲಿದ್ದ ನಡುವಯಸ್ಸಿನ ಹೆಂಗಸೊಬ್ಬರು ಕಣ್ಣು ಮುಚ್ಚಿ, ಒಂದಕ್ಷರವೂ ತಪ್ಪದಂತೆ ಹೇಳುತ್ತಿದ್ದರು. ನನಗೆ ಗೊತ್ತಿದ್ದದ್ದು ಆ ಒಂದು ಸಾಲು ಮಾತ್ರ. ಅದನ್ನೇ ಅವರ ಜೊತೆ ಗಂಟಲು ಕಟ್ಟುವವರೆಗೆ ಕೂಗಿದೆ.

ಮರುದಿನ ಬೆಳಿಗ್ಗೆ ಅಮ್ಮನಿಗೆ ಫೋನ್ ಮಾಡಿ, ಅಜ್ಜಿ ಉಳುಕಿಗೆ ಹೇಳುತ್ತಿದ್ದ ಮಂತ್ರ ಯಾವುದು ಎಂದು ಕೇಳಿದೆ.

“ಯಾರಿಗೆ ಗೊತ್ತು ಮಗಾ, ಬಾಯಿಬಿಟ್ಟು ಹೇಳಿದರೆ ಮಂತ್ರ ಕೆಲಸ ಮಾಡೋದಿಲ್ಲ ಅಂತಿದ್ದಳು. ನನಗೂ ಹೇಳಿಕೊಡಲಿಲ್ಲ” ಎಂದಳು ಅಮ್ಮ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೊನೆಗೆ ಉಫ್ ಅಂತ ಊದುತ್ತಿದ್ದಳಲ್ಲ, ಅದೊಂದು ನೆನಪಿದೆ” ಎಂದಳು.