ರೇಸ್‌ಟ್ರ್ಯಾಕ್ ದಾರಿಗೆ ಪಿಕಪ್ ಬಾಡಿಗೆಗೆ ಪಡೆಯುವವರು ಗಮನಿಸಬೇಕಾದದ್ದು

ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿ ರಾಷ್ಟ್ರೀಯ ಉದ್ಯಾನದಲ್ಲಿ, ಕಲ್ಲುಗಳು ಸರಿದ ಗುರುತುಗಳಿರುವ ರೇಸ್‌ಟ್ರ್ಯಾಕ್ ಪ್ಲಾಯಾ ಎಂಬ ಒಣ ಕೆರೆಯಂಗಳವನ್ನು ನೋಡಲು ಹೊರಡುವವರು ವಾಹನದ ಅಲಂಕಾರಕ್ಕೆ ಮರುಳಾಗದೆ ಮೊದಲು ಟೈರುಗಳನ್ನು ಪರೀಕ್ಷಿಸಬೇಕು. ಯುಬಿಹೀಬಿ ಜ್ವಾಲಾಮುಖಿ ಕುಳಿಯ ಬಳಿ ಡಾಂಬರು ಮುಗಿದ ಮೇಲೆ ಸುಮಾರು 27 ಮೈಲಿಗಳ ಜಲ್ಲಿ ರಸ್ತೆಯಿದ್ದು, ಅದರ ಉದ್ದಕ್ಕೂ ಹಲ್ಲು ಕಟಕಟಿಸುವಷ್ಟು ಅಡ್ಡ ಏಣುಗಳೂ ಟೈರಿನ ಪಕ್ಕೆಯನ್ನು ಸೀಳುವಂಥ ಚೂಪು ಕಲ್ಲುಗಳೂ ಇವೆ. ಒಣ ದಿನಗಳಲ್ಲಿ ಈ ದಾರಿಯ ಕಷ್ಟವೆಲ್ಲ ಇಷ್ಟೇ. ಆದರೆ ಮೊಬೈಲ್ ಸಂಪರ್ಕವಿಲ್ಲದ ಆ ಜಾಗದಲ್ಲಿ ಇದು ಸಣ್ಣ ಕಷ್ಟವಲ್ಲ.

ದೊಡ್ಡ ಬಾಡಿಗೆ ಕಂಪನಿಗಳ ಒಪ್ಪಂದಗಳು ಸಾಮಾನ್ಯವಾಗಿ ಡಾಂಬರಿಲ್ಲದ ರಸ್ತೆಗೆ ಅನುಮತಿ ಕೊಡುವುದಿಲ್ಲವಾದ್ದರಿಂದ, ನಾವು ಲಾಸ್ ವೇಗಸ್‌ನಲ್ಲಿ ಖಾಸಗಿ ಮಾಲೀಕರೊಬ್ಬರಿಂದ ಟೊಯೋಟಾ ಟಕೋಮಾ ಪಿಕಪ್ ಪಡೆದೆವು. ‘ಯಾವ ದಾರಿಗೂ ಸಿದ್ಧ’ ಎಂಬ ಜಾಹೀರಾತಿನ ಆ ವಾಹನಕ್ಕೆ ಅಲಂಕಾರವಿಲ್ಲದ ಪಿಕಪ್‌ನ ಇಮ್ಮಡಿ ಬಾಡಿಗೆಯಿತ್ತು. ಛಾವಣಿಯ ಮೇಲೆ ಉದ್ದನೆಯ ದೀಪದ ಪಟ್ಟಿ, ನೀರು ದಾಟುವಾಗ ಎಂಜಿನ್ನಿಗೆ ಮೇಲಿನಿಂದ ಗಾಳಿ ಒದಗಿಸಲೆಂದು ಬಾನೆಟ್ ಪಕ್ಕದಿಂದ ಮೇಲೇರುವ ಸ್ನಾರ್ಕೆಲ್ ಕೊಳವೆ, ಹಿಂದಿನ ಸಾಮಾನು ತುಂಬುವ ಡಬ್ಬಿಯ ಮೇಲೆ ಚೌಕಟ್ಟು, ಅದಕ್ಕೆ ಬಿಗಿದ ಎತ್ತರದ ಹೈಲಿಫ್ಟ್ ಜಾಕ್, ದಪ್ಪ ಉಬ್ಬುಗಳ ದೊಡ್ಡ ಟೈರು: ನೋಡುವವರಿಗೆ ಏನೂ ಕೊರತೆಯಿರಲಿಲ್ಲ.

ಕೆಟಲ್‌ಗಳನ್ನು ತೂಗುಹಾಕಿರುವ ಟೀಕೆಟಲ್ ಜಂಕ್ಷನ್ ದಾಟಿದ ಸ್ವಲ್ಪ ಹೊತ್ತಿಗೆ ಹಿಂದಿನ ಎಡ ಟೈರಿನ ಪಕ್ಕೆ ಸೀಳಿತು. ಪಕ್ಕೆ ಸೀಳಿದ ಟೈರಿಗೆ ಪಂಕ್ಚರ್ ಬತ್ತಿ ನಿಲ್ಲುವುದಿಲ್ಲ. ಹೈಲಿಫ್ಟ್ ಜಾಕ್ ಕೆಲಸ ಮಾಡಬೇಕಾದರೆ ಅದನ್ನು ಕೊಕ್ಕೆ ಹಾಕಲು ಉಕ್ಕಿನ ಬಂಪರ್ ಅಥವಾ ಚಾಸಿಗೆ ಬೆಸೆದ ಗಟ್ಟಿ ಪಕ್ಕದ ಕೊಳವೆ ಬೇಕು. ಈ ವಾಹನದಲ್ಲಿ ಇದ್ದದ್ದು ಪ್ಲಾಸ್ಟಿಕ್ ಹೊದಿಕೆಯ ಬಂಪರ್ ಮತ್ತು ತೆಳುವಾದ ಮೆಟ್ಟಿಲು. ಹಿಂದಿನ ಸೀಟಿನ ಹಿಂಬದಿಯಲ್ಲಿ ಇರಬೇಕಾಗಿದ್ದ ಮೂಲ ಜಾಕ್ ಅಲ್ಲಿರಲಿಲ್ಲ. ಸ್ಟೆಪ್ನಿಯೇನೋ ಡಬ್ಬಿಯ ಕೆಳಗೆ ಇತ್ತು, ಆದರೆ ಅದು ಕಾರ್ಖಾನೆಯಿಂದ ಬಂದ ಸಣ್ಣ ಅಳತೆಯದು. ಮಾಲೀಕರು ನೋಟಕ್ಕಾಗಿ ನಾಲ್ಕು ದೊಡ್ಡ ಟೈರು ಹಾಕಿಸಿ ಐದನೆಯದನ್ನು ಹಾಗೆಯೇ ಬಿಟ್ಟಿದ್ದರು. ಎಂಜಿನ್ನಿನ ಬಲ ಹಿಂದಿನ ಚಕ್ರಗಳಿಗೆ ಹೋಗುವ ವಾಹನದಲ್ಲಿ ಅಲ್ಲಿ ಎರಡು ಅಳತೆಯ ಟೈರು ಹಾಕಿದರೆ ಎರಡೂ ಚಕ್ರಗಳಿಗೆ ಬಲ ಹಂಚುವ ಗೇರುಗಳ ಜೋಡಣೆಯಾದ ಡಿಫರೆನ್ಷಿಯಲ್‌ಗೆ ಹೊರೆ ಬೀಳುತ್ತದೆ. ಆದ್ದರಿಂದ ಮುಂದಿನ ಒಂದು ಚಕ್ರವನ್ನು ಹಿಂದಕ್ಕೆ ಹಾಕಿ, ಸ್ಟೆಪ್ನಿಯನ್ನು ಮುಂದೆ ಕೂರಿಸಿ, ನಾಲ್ಕು ಚಕ್ರಗಳ ಚಾಲನೆಯನ್ನು ಬಳಸದೆ ನಿಧಾನವಾಗಿ ಹಿಂತಿರುಗಬೇಕಾಯಿತು.

ಇದೆಲ್ಲ ಸಾಧ್ಯವಾದದ್ದು ಹಿಂದೆ ಬಂದ ವೃದ್ಧ ದಂಪತಿಯಿಂದ. ಅವರ ಹಳೆಯ ಪಿಕಪ್‌ಗೆ ಯಾವ ಅಲಂಕಾರವೂ ಇರಲಿಲ್ಲ. ಒಳಗೆ ಬಾಟಲ್ ಜಾಕ್, ಅದರಡಿ ಇಡಲು ದಪ್ಪ ಹಲಗೆ, ಬ್ಯಾಟರಿಗೆ ಸಿಕ್ಕಿಸುವ ಗಾಳಿ ಪಂಪು, ಒತ್ತಡ ಅಳೆಯುವ ಗೇಜು ಮತ್ತು ಸಾಕಷ್ಟು ನೀರು ಇದ್ದವು. ಏಣುಗಳ ಮೇಲೆ ಟೈರು ಮೆತ್ತಗೆ ಉರುಳಲೆಂದು ಜಲ್ಲಿ ಆರಂಭವಾಗುವಲ್ಲೇ ಅವರು ಟೈರಿನ ಗಾಳಿಯ ಒತ್ತಡವನ್ನು 35ರಿಂದ 25 ಪಿಎಸ್‌ಐಗೆ ಇಳಿಸಿಕೊಂಡಿದ್ದರು. ಈ ಸಾಮಾನುಗಳಿಗೆ ಒಂದು ದೀಪದ ಪಟ್ಟಿಯಷ್ಟೂ ಖರ್ಚಾಗುವುದಿಲ್ಲ, ಆದರೆ ಅಲ್ಲಿಂದ ವಾಹನ ಎಳೆಸಲು ಸಾವಿರಾರು ಡಾಲರ್ ತೆರಬೇಕಾಗಬಹುದು.

ಉಳಿದ ಅಲಂಕಾರಗಳ ಬಗ್ಗೆಯೂ ಹೇಳಬೇಕು. ಬಾನೆಟ್ ತೆರೆದಾಗ ಸ್ನಾರ್ಕೆಲ್ ಏರ್ ಫಿಲ್ಟರಿಗೆ ಸೇರಿರಲೇ ಇಲ್ಲ, ಹೊರಗಿನಿಂದ ಅಂಟಿಸಲಾಗಿತ್ತು. ಕ್ಯಾಲಿಫೋರ್ನಿಯಾದ ಹೆದ್ದಾರಿಗಳಲ್ಲಿ ಛಾವಣಿಯ ಮೇಲಿನ ಅಂಥ ದೀಪಗಳನ್ನು ಮುಚ್ಚಿಡಬೇಕೆಂಬ ನಿಯಮವಿದೆ. ರಾಷ್ಟ್ರೀಯ ಉದ್ಯಾನದಲ್ಲಿ ರಸ್ತೆ ಬಿಟ್ಟು ವಾಹನ ಓಡಿಸುವುದೇ ನಿಷಿದ್ಧ. ಇನ್ನು ತೂಕ: ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿರುವ ಚೀಟಿಯಲ್ಲಿ ಜನ ಮತ್ತು ಸರಂಜಾಮು ಸೇರಿ ಎಷ್ಟು ಹೊರಬಹುದೆಂದು ಬರೆದಿರುತ್ತದೆ, ಮತ್ತು ಹೊರಗೆ ಬಿಗಿದ ಪ್ರತಿಯೊಂದು ಕಬ್ಬಿಣದ ತುಂಡೂ ಅದರಿಂದಲೇ ಕಳೆಯುತ್ತದೆ. ಮಧ್ಯಮ ಗಾತ್ರದ ಪಿಕಪ್‌ನಲ್ಲಿ ನಾಲ್ಕು ಜನ, ನೀರು, ಟೆಂಟು ಸೇರಿದರೆ ಈ ಲೆಕ್ಕ ಬೇಗ ಮುಗಿದುಹೋಗುತ್ತದೆ. ಅಳತೆಯ ಮುಂದೆ ‘ಎಲ್‌ಟಿ’ (ಲೈಟ್ ಟ್ರಕ್) ಎಂದೂ ಭಾರದ ದರ್ಜೆ ‘ಇ’ ಎಂದೂ ಮುದ್ರಿಸಿರುವ ಗಟ್ಟಿಮುಟ್ಟಾದ ಟೈರು ಇದ್ದರೆ ಅದಕ್ಕೆ ಹೆಚ್ಚು ಬಾಡಿಗೆ ಕೊಟ್ಟರೂ ನಷ್ಟವಿಲ್ಲ.

ಆ ರಾತ್ರಿ ಡೇಲೈಟ್ ಪಾಸ್ ಎಂಬ ಬೆಟ್ಟದ ದಾರಿ ದಾಟಿ ನೆವಾಡಾದ ಬೀಟಿ ಎಂಬ ಸಣ್ಣ ಊರಿಗೆ ಬಂದೆವು. ಉದ್ಯಾನದೊಳಗಿನ ಕೊಠಡಿಗೆ ಕೊಟ್ಟ ಹಣವನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಬೀಟಿಯಲ್ಲಿ ಅದರ ಅರ್ಧಕ್ಕೂ ಕಡಿಮೆಗೆ ಸ್ವಚ್ಛವಾದ ಕೊಠಡಿ ಸಿಕ್ಕಿತು. ಅಲ್ಲಿನ ಹೆದ್ದಾರಿ ಪಕ್ಕದ ಚಿಕ್ಕ ಹೋಟೆಲಿನಲ್ಲಿ ಮಾಂಸ ಬೇಡವೆಂದು ಹೇಳಿದ ಕೂಡಲೇ ಅಡುಗೆಯಾಕೆ ಹೊರಗೆ ಬಂದು, ಬೀನ್ಸ್ ಕಾಳನ್ನು ಹಂದಿಯ ಕೊಬ್ಬಿನಲ್ಲಿ ಬೇಯಿಸಿಲ್ಲವೆಂದು ತಾವಾಗಿಯೇ ಖಚಿತಪಡಿಸಿದರು. ಚಪಾತಿಯಂಥ ಬಿಸಿ ಟಾರ್ಟಿಯಾದೊಳಗೆ ಬೀನ್ಸ್, ಅನ್ನ, ಹುರಿದ ಹಸಿಮೆಣಸಿನಕಾಯಿಯ ಖಾರವಾದ ಚಟ್ನಿ, ಕೇಳಿದಷ್ಟೂ ಸಲ ಕಾಫಿ. ಇಬ್ಬರು ಹಂಚಿಕೊಂಡು ತಿಂದರೂ ಮಿಗುವಷ್ಟು ದೊಡ್ಡದು. ಉದ್ಯಾನದ ಹೋಟೆಲಿನ ಸಪ್ಪೆ ಪಾಸ್ತಾ ತಿಂದು ಬಂದವರಿಗೆ ಅದು ಮದುವೆ ಊಟವೇ ಆಯಿತು. ಉದ್ಯಾನದ ಕಡೆಗೆ ಹೊರಡುವ ಮುಂಚೆ ಪೆಟ್ರೋಲನ್ನೂ ಇಲ್ಲೇ ತುಂಬಿಸಿಕೊಳ್ಳಿ.

ಸೀಳಿದ ಟೈರಿನ ಪೂರ್ತಿ ಬೆಲೆಯನ್ನು ಮಾಲೀಕರು ನಮ್ಮಿಂದಲೇ ಕೇಳಿದರು. ಸ್ಟೆಪ್ನಿಯ ಮತ್ತು ಇತರ ಟೈರುಗಳ ಪಕ್ಕೆಯ ಮೇಲಿನ ಅಳತೆ, ಜಾಕ್ ಇಲ್ಲದ ಜಾಗ, ಅಂಟಿಸಿದ ಸ್ನಾರ್ಕೆಲ್ ಇವುಗಳ ಚಿತ್ರಗಳನ್ನು ಕಳುಹಿಸಿದ ಮೇಲೆ ಅವರು ಅರ್ಧಕ್ಕೆ ಒಪ್ಪಿದರು. ನೀವಾದರೋ ಕೀಲಿ ಪಡೆಯುವಾಗಲೇ, ಮಾಲೀಕರ ಎದುರಿನಲ್ಲಿ, ಸ್ಟೆಪ್ನಿಯನ್ನು ಕೆಳಗಿಳಿಸಿ ಒಂದು ಚಕ್ರವನ್ನು ಜಾಕ್‌ನಿಂದ ನೆಲಬಿಟ್ಟು ಎತ್ತಿ ನೋಡಿ. ಅದಕ್ಕೆ ಒಪ್ಪದವರ ವಾಹನವನ್ನು ಪಡೆಯಬೇಡಿ.