ಹಳೇ ಪಿಕ್‌ಅಪ್‌ಗೆ ಹೊಸ ಎಂಜಿನ್ ಹಾಕಿಸಬೇಕಾ?

ಊರಿಗೆ ಹೋದಾಗೆಲ್ಲ ನನ್ನ ಗಾಡಿ ನೋಡಿ ಎಲ್ಲರದೂ ಒಂದೇ ಮಾತು. "ಪುಣೆದಾಗ ಇಷ್ಟ ವರ್ಷ ದುಡದೀ, ಇನ್ನೂ ಇದನ್ನ ಹೊಡೀತಿ ಏನಪಾ?" ಹೌದು, ಇದನ್ನೇ ಹೊಡೀತೀನಿ. 2012ರ ಡೀಸೆಲ್ ಪಿಕ್‌ಅಪ್. ನಾನಿರುವುದು ಪುಣೆಯ ಹಡಪ್ಸರದಲ್ಲಿ. ವಿಜಯಪುರ ಜಿಲ್ಲೆಯ ಇಂಡಿಯಿಂದ ಲಿಂಬೆಹಣ್ಣು ತುಂಬಿಕೊಂಡು ಇಲ್ಲಿನ ಗುಲ್ಟೇಕಡಿಯ ಮಾರ್ಕೆಟ್ ಯಾರ್ಡ್‌ಗೆ ತಂದು ಇಳಿಸುವುದು ಕೆಲಸ. ತಿಂಗಳಿಗೆ ನಾಲ್ಕು ಟ್ರಿಪ್.

ಈ ಬೇಸಿಗೆಯಲ್ಲಿ ಗಾಡಿ ಕಪ್ಪು ಹೊಗೆ ಬಿಡೋಕೆ ಶುರು ಮಾಡಿತು. ಮೈಲೇಜ್ 10ಕ್ಕೆ ಇಳಿಯಿತು. ಗ್ಯಾರೇಜಿನ ಹುಡುಗ ಅಫಜಲಪುರ ಕಡೆಯವನು, ಒಳ್ಳೆಯವನೇ, ಆದರೆ ಸಣ್ಣ ಕೆಲಸ ಅಂದರೆ ಅವನಿಗೆ ಬೇಜಾರು. "ಅಣ್ಣಾ, ಟರ್ಬೊ ಎಂಜಿನ್ ಒಂದ್ ಬಂದದ. ಕೂಡಿಸಿಬಿಡೋಣ್ರಿ. 1 ಲಕ್ಷ 80 ಸಾವಿರ. ಪವರ್ ಹೆಂಗ್ ಬರ್ತದ ನೋಡ್ರಿ" ಅಂದ. ಮೈಲೇಜ್ 12 ಗ್ಯಾರಂಟಿ ಅಂತಲೂ ಸೇರಿಸಿದ.

ಆಸೆ ಆಯ್ತು, ಸುಳ್ಳು ಹೇಳಲ್ಲ.

ಆದರೆ ನನಗೆ ಪವರ್ ಯಾಕೆ? ಕೊಲ್ಹಾಪುರದ ಕಡೆ ಹೋಗುವವರಿಗೆ ದಾರಿಯಲ್ಲಿ ಖಂಬಾಟಕಿ ಘಾಟ್ ಇದೆ, ಅವರ ಮಾತು ಬೇರೆ. ನನ್ನದು ಸೊಲ್ಲಾಪುರ ರಸ್ತೆ. ಯವತ್, ಭಿಗವಣ, ಇಂದಾಪುರ, ಟೆಂಭುರ್ಣಿ, ಮೋಹೋಳ, ಆಮೇಲೆ ಝಳಕಿಯಲ್ಲಿ ತಿರುಗಿದರೆ ಇಂಡಿ. ಘಾಟ್ ಅನ್ನುವಂಥದ್ದು ಒಂದೂ ಇಲ್ಲ. ಅಲ್ಲಿ ಗಾಡಿಯನ್ನು ಸುಸ್ತು ಮಾಡುವುದು ಏರು ಅಲ್ಲ, ಬಿಸಿಲು.

ರಾತ್ರಿ ಮಗಳ ನೋಟ್‌ಬುಕ್ ತಗೊಂಡು ಲೆಕ್ಕಕ್ಕೆ ಕೂತೆ. ಹೋಗಿ ಬರೋಕೆ ಸುಮಾರು 650 ಕಿ.ಮೀ. ಮೈಲೇಜ್ 10 ಇದ್ದರೆ 65 ಲೀಟರ್, 12 ಬಂದರೆ 54. ಉಳಿಯುವುದು 11 ಲೀಟರ್, ಅಂದರೆ ಟ್ರಿಪ್‌ಗೆ ಸಾವಿರ ರೂಪಾಯಿ, ತಿಂಗಳಿಗೆ ನಾಲ್ಕು ಸಾವಿರ. 1 ಲಕ್ಷ 80 ಸಾವಿರ ವಾಪಸ್ ಬರೋಕೆ 45 ತಿಂಗಳು! ಗಾಡಿಗೆ 2027ಕ್ಕೆ 15 ವರ್ಷ ತುಂಬುತ್ತೆ. ಈಗಲೇ ವರ್ಷಕ್ಕೊಮ್ಮೆ ಪಾಸಿಂಗ್, ಅಂದರೆ ಆರ್‌ಟಿಒ ಫಿಟ್‌ನೆಸ್ ಸರ್ಟಿಫಿಕೇಟ್, ಮಾಡಿಸಬೇಕು, 15 ದಾಟಿದ ಮೇಲೆ ಅದರ ಫೀ ಇನ್ನೂ ಜಾಸ್ತಿ. ಸಾಲದ್ದಕ್ಕೆ ಬೇರೆ ಎಂಜಿನ್ ಕೂಡಿಸಿದರೆ ಆರ್‌ಟಿಒ ಒಪ್ಪಿಗೆ ಬೇಕು, ಆರ್‌ಸಿಯಲ್ಲಿ ಎಂಜಿನ್ ನಂಬರ್ ಬದಲಾಗಬೇಕು. ಅದನ್ನು ಮಾಡಿಸದೆ ಸುಮ್ನೆ ಓಡಿಸಿದರೆ, ನಾಳೆ ಅಪಘಾತ ಆದಾಗ ವಿಮೆಯವರು ಮೊದಲು ನೋಡುವುದೇ ಆ ನಂಬರನ್ನ.

ಮರುದಿನ ಗ್ಯಾರೇಜಿಗೆ ಹೋಗಿ ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ, ಚೆಕ್ ಮಾಡು ಅಂದೆ ಹುಡುಗನಿಗೆ. ಮುಖ ಸಣ್ಣದು ಮಾಡಿಕೊಂಡೇ ಮಾಡಿದ. ನಾಲ್ಕೂ ಸಿಲಿಂಡರ್ ಸರಿಯಾಗಿದ್ದವು. ನೀಲಿ ಹೊಗೆ ಬಂದರೆ ಆಯಿಲ್ ಸುಡ್ತಿದೆ, ಪಿಸ್ಟನ್ ರಿಂಗ್ ಹೋಗಿರಬಹುದು ಅಂತ ಹೆದರಬೇಕು. ಕಪ್ಪು ಹೊಗೆ ಅಂದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ ಅಂತ, ಬಹಳ ಸಲ ಡೀಸೆಲ್ ಚಿಮ್ಮಿಸುವ ನಾಜಲ್ಲು, ಇಲ್ಲಾ ಏರ್ ಫಿಲ್ಟರ್. ನಂದು ಎರಡೂ ಆಗಿತ್ತು, ಮೇಲೆ ಹಿಂದಿನ ಒಂದು ಚಕ್ರದ ಬ್ರೇಕ್ ಹಿಡಿದುಕೊಂಡೇ ಓಡುತ್ತಿತ್ತು. ಎಲ್ಲಾ ಸೇರಿ ಒಂಬತ್ತು ಸಾವಿರ. ಮುಂದಿನ ಟ್ರಿಪ್‌ನಲ್ಲಿ ಮೈಲೇಜ್ ಹನ್ನೊಂದೂವರೆ ಬಂತು. ಈಗ ಆ ಟರ್ಬೊ ಎಂಜಿನ್ ಉಳಿಸಿಕೊಡುವುದು ಟ್ರಿಪ್‌ಗೆ ಎರಡೂವರೆ ಲೀಟರ್ ಕೂಡ ಇಲ್ಲ.

ನನಗೆ ನಿಜವಾಗಿ ಹೆದರಿಕೆ ಇದ್ದದ್ದು ಚಾಸಿ ಬಗ್ಗೆ, ಅಂದರೆ ಇಡೀ ಗಾಡಿಯನ್ನು ಹೊರುವ ಕೆಳಗಿನ ಕಬ್ಬಿಣದ ಚೌಕಟ್ಟು. ಚೀಲದಲ್ಲಿ ಒಡೆದ ಲಿಂಬೆಹಣ್ಣಿನ ರಸ ವರ್ಷಗಟ್ಟಲೆ ಸೋರಿ ಬಾಡಿಯ ತಗಡನ್ನು ತಿಂದುಹಾಕಿದೆ, ಒಂದು ಕಡೆ ರಸ್ತೆಯೇ ಕಾಣುತ್ತೆ. ಚಾಸಿಗೂ ತುಕ್ಕು ಹಿಡಿದಿದ್ದರೆ ಒಂದು ರೂಪಾಯಿಯೂ ಹಾಕುತ್ತಿರಲಿಲ್ಲ, ಗುಜರಿಗೇ. ಗಾಡಿ ಕೆಳಗೆ ಮಲಗಿ ಸುತ್ತಿಗೆಯಿಂದ ಉದ್ದಕ್ಕೂ ಬಡಿದು ನೋಡಿದೆವು. ಗಟ್ಟಿ ಇದೆ.

ಹಾಗಾಗಿ ಗಾಡಿಯ ಬಾಡಿಯಲ್ಲಿ ಹೊಸ ತಗಡು, ರೇಡಿಯೇಟರ್ ಕೆಲಸ, ನಾಲ್ಕೂ ಚಕ್ರದ ಬ್ರೇಕ್ ಲೈನರ್, ಎರಡು ಟೈರು ಮಾಡಿಸಿದೆ. ನಲವತ್ತು ಸಾವಿರ ದಾಟಿತು. ಪಾಟಾ, ಅಂದರೆ ಚಕ್ರದ ಮೇಲಿನ ಸ್ಪ್ರಿಂಗ್ ಪಟ್ಟಿ, ಎರಡು ಜಾಸ್ತಿ ಹಾಕಿಸಿದರೆ ಇನ್ನೂ ಹತ್ತು ಚೀಲ ಹಿಡಿಯುತ್ತೆ ಅಂದ ಗ್ಯಾರೇಜಿನ ಹುಡುಗ. ಬೇಡ ಅಂದೆ. ಪಾಟಾ ಹೆಚ್ಚಿಸಿದರೆ ಆರ್‌ಸಿಯಲ್ಲಿ ಬರೆದ ತೂಕ ಹೆಚ್ಚಾಗಲ್ಲ. ಓವರ್‌ಲೋಡ್ ಸಿಕ್ಕಿಬಿದ್ದರೆ 20,000 ದಂಡ, ಮೇಲೆ ಹೆಚ್ಚಿನ ಪ್ರತಿ ಟನ್ನಿಗೆ 2,000. ಹತ್ತು ಚೀಲದ ಬಾಡಿಗೆ ಎಷ್ಟು ಅಂತ ಇಂಡಿಯವರಿಗೆ ಗೊತ್ತೇ ಇದೆ.

ಹೊಸ ಗಾಡಿ ತಗೋ ಅನ್ನುವವರಿಗೆ: ಎಂಟು ಲಕ್ಷ ಸಾಲ ಮಾಡಿದರೆ ಐದು ವರ್ಷ ತಿಂಗಳಿಗೆ 17 ಸಾವಿರದ ಹತ್ತಿರ ಕಂತು. ಲಿಂಬೆ ಸೀಸನ್ ವರ್ಷವಿಡೀ ಒಂದೇ ಥರ ಇರಲ್ಲ, ಕಂತು ಮಾತ್ರ ಇರುತ್ತೆ.

ಹೇಳೋದು ಮರೆತೆ, ಡ್ರೈವರ್ ಸೀಟಿನ ಸ್ಪಂಜೂ ಹೊಸದು ಹಾಕಿಸಿದೆ, ಮೂರು ಸಾವಿರಕ್ಕೆ. ಮೊದಲ ಟ್ರಿಪ್ ಮುಗಿಸಿ ಬಂದು ಮನೆಯ ಮೆಟ್ಟಿಲನ್ನು ಸೊಂಟ ಹಿಡಿದುಕೊಳ್ಳದೆ ಹತ್ತಿದೆ. "ಏನ್ರೀ, ಬಸ್ಸಿನಾಗ ಬಂದ್ರೇನು?" ಅಂದಳು ಹೆಂಡತಿ.